ಸ್ವಿಚ್ಚು ಸಮುದ್ರದಾಚೆ

"ಇವತ್ತಿಗೆ ಈ ಮನೆಗೂ ಕರೆಂಟಾಫೀಸಿಗೂ ಋಣ ಹರಿಯಿತು!" ಎಂದು ಬೀಗಣ್ಣ ಮಹಡಿ ಮೆಟ್ಟಿಲ ಮೇಲೆ ನಿಂತು ಘೋಷಿಸಿದಾಗ, ಕೆಳಗೆ ಕೇಳಿಸಿಕೊಳ್ಳಲು ಇದ್ದವರು ಮೂರೇ ಜನ. ಒಬ್ಬಳು ಹೆಂಡತಿ, ಒಬ್ಬ ಬಾಮೈದ, ಇನ್ನೊಬ್ಬರು ಕಾಂಪೌಂಡಿನಾಚೆ ಗಿಡಕ್ಕೆ ನೀರು ಹಾಕುತ್ತಿದ್ದ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು. ಗಂಟಲು ಮಾತ್ರ ಮೂರು ಸಾವಿರ ಜನಕ್ಕೆ ಸಾಲುವಷ್ಟಿತ್ತು!

ಬೀಗಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ತಿರುವಿನಲ್ಲಿ ಮೂವತ್ತು ವರ್ಷದಿಂದ ಬೀಗದ ಅಂಗಡಿ ಇಟ್ಟಿದ್ದಕ್ಕೆ ಅರ್ಧ ಹೆಸರು ಬಂತು, ಸದಾ ಬೀಗುತ್ತಲೇ ಇದ್ದುದಕ್ಕೆ ಇನ್ನರ್ಧ ಬಂತು. ಅವನ ಅಂಗಡಿಯಲ್ಲಿ ಒಂದು ಬೋರ್ಡಿದೆ: "ಇಲ್ಲಿ ಕೊಳ್ಳದ ಬೀಗಕ್ಕೆ ಇಲ್ಲಿ ಕೀ ಮಾಡಿಕೊಡುವುದಿಲ್ಲ." ಬೇರೆಲ್ಲೋ ಕೊಂಡ ಬೀಗ ಹಿಡಿದು, ಮನೆ ಹೊರಗೆ ಸಿಕ್ಕಿಹಾಕಿಕೊಂಡು, ಅಳುಮೋರೆ ಹಾಕಿಕೊಂಡು ಬಂದವರಿಗೆ ಅವನು ಬೆರಳೆತ್ತಿ ಆ ಬೋರ್ಡು ತೋರಿಸುತ್ತಾನೆ. ಬಾಯಿ ಕೂಡ ತೆರೆಯುವುದಿಲ್ಲ.

ಇಂಥ ಬೀಗಣ್ಣನಿಗೆ ಕರೆಂಟಾಫೀಸಿನ ಮೇಲೆ ಸಿಟ್ಟು ಬರಲು ಕಾರಣ ಮೊಟ್ಟೆ.

ಅವನ ಹೆಂಡತಿ ಹಿಂದಿನ ಕೋಣೆಯಲ್ಲಿ ಒಂದು ಕಾವುಪೆಟ್ಟಿಗೆ ಇಟ್ಟಿದ್ದಾಳೆ. ಕೋಳಿ ಕೂತು ಮಾಡುವ ಕೆಲಸವನ್ನು ಕರೆಂಟಿನಿಂದ ಮಾಡಿಸುವ ಪೆಟ್ಟಿಗೆ ಅದು. ಮೊಟ್ಟೆ ಇಟ್ಟು, ಇಪ್ಪತ್ತೊಂದು ದಿನ ಶಾಖ ಒಂದು ಕೂದಲೆಳೆಯೂ ಏರುಪೇರಾಗದಂತೆ ನೋಡಿಕೊಂಡರೆ ಮರಿ ಹೊರಗೆ ಬರುತ್ತದೆ. ಅವಳು ಮರಿಗಳನ್ನು ಸಾಕುವವರಿಗೆ ಕೊಡುತ್ತಾಳೆ. ಕಳೆದ ಸಲ ಹತ್ತೊಂಬತ್ತನೇ ದಿನ ಕರೆಂಟು ಹೋಯಿತು. ಒಂಬತ್ತು ಗಂಟೆ ಬರಲಿಲ್ಲ. ಅರವತ್ತು ಮೊಟ್ಟೆಯಲ್ಲಿ ಒಂದೂ ಒಡೆಯಲಿಲ್ಲ. ಅವಳು ಅಳಲಿಲ್ಲ, ಬೈಯಲಿಲ್ಲ, ಆರಿದ ಪೆಟ್ಟಿಗೆಯ ಮುಂದೆ ಸಂಜೆಯವರೆಗೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ಬೀಗಣ್ಣ ಎಷ್ಟೇ ಜಂಬದವನಾದರೂ ಹೆಂಡತಿ ಹಾಗೆ ಕೂತಿದ್ದನ್ನು ನೋಡಲಾರದೆ ಅವಳ ಪಕ್ಕ ನೆಲದ ಮೇಲೇ ಕುಕ್ಕರಿಸಿದ.

"ನೋಡು, ಇನ್ನು ಮೇಲೆ ನಿನ್ನ ಒಂದೇ ಒಂದು ಮೊಟ್ಟೆ ತಣ್ಣಗಾದ್ರೆ ನನ್ನ ಹೆಸರೇ ಬದಲಾಯಿಸು!" ಅಂದ.

"ನಿಮ್ಮ ಹೆಸರು ಯಾರಿಗೆ ನೆನಪಿದೆ ಅಂತ ಬದಲಾಯಿಸಲಿ?" ಅಂದಳು ಅವಳು. ಆದರೂ ಕೊಂಚ ನಕ್ಕಳು. ಆ ನಗುವಿಗೇ ಅವನು ಕೆಟ್ಟ.

ಮಹಡಿಯ ಮೇಲೆ ಸೋಲಾರ್ ಫಲಕ ಬಂದವು, ಮೆಟ್ಟಿಲ ಕೆಳಗೆ ಬ್ಯಾಟರಿ ಬಂದವು. ಉಳಿದದ್ದು ಇನ್ವರ್ಟರ್. ಬಿಸಿಲಿನ ಕರೆಂಟನ್ನು ಮನೆ ಬಳಕೆಯ ಕರೆಂಟು ಮಾಡಿಕೊಡುವ ಡಬ್ಬಿ ಅದು, ಅದಿಲ್ಲದೆ ಉಳಿದದ್ದೆಲ್ಲ ಬರೀ ಸಾಮಾನು. ಗಾಜಿನ ಬಾಗಿಲಿನ ದೊಡ್ಡ ಡೀಲರ್ ಅಂಗಡಿಗೆ ಹೋದರೆ ಅವರು ಫಾರಂ ಕೊಟ್ಟರು. ಮನೆ ವಿಳಾಸ ಬರೆಯಿರಿ, ಗೋಡೆಯ ಫೋಟೋ ಕೊಡಿ, ಎಂಜಿನಿಯರ್ ಬಂದು ನೋಡಬೇಕು, ಯಂತ್ರದ ನಂಬರನ್ನು ನಿಮ್ಮ ಹೆಸರಿಗೆ ನೋಂದಾಯಿಸಬೇಕು, ಐದು ವಾರ ಕಾಯಬೇಕು!

"ಮಗು ದತ್ತು ಕೊಡೋರೂ ಇಷ್ಟು ಕೇಳಲ್ಲ!" ಎಂದು ಬೀಗಣ್ಣ ಎದ್ದು ಬಂದ.

ಸೀದಾ ಹೋದದ್ದು ಬಸ್ ಡಿಪೋ ಹಿಂದಿನ ಓಣಿಗೆ. ಅಲ್ಲಿ 'ಕಂಟೇನರ್' ಎಂದೇ ಹೆಸರಾದ ಒಬ್ಬ ಮಾರಾಟಗಾರ. ಏನು ಕೇಳಿದರೂ "ಈಗ ತಾನೆ ಕಂಟೇನರಿಂದ ಇಳಿದಿದ್ದು" ಅನ್ನುತ್ತಿದ್ದ.

"ಬಿಲ್ ಕೊಡ್ತೀಯೇನಪ್ಪ?"

"ಬಿಲ್ ಬೇಕು ಅನ್ನೋರು ದೊಡ್ಡ ಅಂಗಡಿಗೆ ಹೋಗ್ತಾರೆ ಯಜಮಾನ್ರೇ. ಇನ್ವರ್ಟರ್ ಬೇಕು ಅನ್ನೋರು ನನ್ನ ಹತ್ರ ಬರ್ತಾರೆ."

"ಗ್ಯಾರಂಟಿ?"

"ನಾನೇ ಗ್ಯಾರಂಟಿ!"

"ಡಬ್ಬಿ ಮೇಲೆ ಬರೆದಿರೋದು ಯಾವ ಭಾಷೇನೋ? ಒಂದಕ್ಷರ ಓದೋಕಾಗಲ್ಲ."

"ಬೇರೆ ದೇಶಕ್ಕೆ ಅಂತ ಮಾಡಿದ ಮಾಲು. ಅದಕ್ಕೇ ಅರ್ಧ ಬೆಲೆ. ಸೂರ್ಯ ಅಲ್ಲಿಗೊಬ್ಬ, ಇಲ್ಲಿಗೊಬ್ಬ ಇದಾನಾ? ಅವನೇ ತಾನೆ ಎಲ್ಲಾ ಕಡೆ?"

ಈ ವೇದಾಂತಕ್ಕೆ ಬೀಗಣ್ಣ ಮಾರುಹೋದ. ಡಬ್ಬಿಯನ್ನು ಎದೆಗಪ್ಪಿಕೊಂಡ. ಆ ಖುಷಿಯಲ್ಲೇ ತನ್ನ ಅಂಗಡಿಯ ಅತಿ ದೊಡ್ಡ ಏಳು ಲಿವರಿನ ಬೀಗವನ್ನು ಕಂಟೇನರಿಗೆ ಮಾರಿದ. "ಶಟರಿಗೆ ಹಾಕ್ಕೋ. ಹಾಕಿದ ಮೇಲೆ ನಾನೇ ಬಂದ್ರೂ ತೆಗೆಯೋಕಾಗಲ್ಲ!" ಎಂದು ಬೆನ್ನು ತಟ್ಟಿದ.

ಮನೆಗೆ ಬಂದರೆ ಬಾಮೈದ ಕೂತಿದ್ದ. ಈ ಬಾಮೈದ ಕರೆಂಟಾಫೀಸಿನಲ್ಲಿ ಲೈನ್‌ಮನ್. ಬೀದಿಯಲ್ಲಿ ಕರೆಂಟು ಹೋದಾಗಲೆಲ್ಲ ಅವನೇ ಬೇಕೆಂದು ಆರಿಸಿದ ಹಾಗೆ ಬೀಗಣ್ಣ ಫೋನ್ ಮಾಡಿ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದ. ಪಾಪ, ಅವನು ಒಂದು ದಿನವೂ ಎದುರಾಡಿದವನಲ್ಲ. ಡಬ್ಬಿಯನ್ನು ತಿರುಗಿಸಿ ನೋಡಿ ಅವನು ತಲೆ ಕೊಡವಿದ.

"ಭಾವ, ಇಂಥ ಮಾಲು ಬೇಡವಾಗಿತ್ತು. ಇದು ಕಂಪನಿ ಲೆಕ್ಕದಲ್ಲಿ ಇಲ್ಲಿಗೆ ಬಂದಿದ್ದೇ ಅಲ್ಲ. ಅವರಿಗೆ ಗೊತ್ತಾದ್ರೆ ಅಲ್ಲಿ ಕೂತೇ ಆಫ್ ಮಾಡಿಬಿಡ್ತಾರೆ."

"ಎಲ್ಲಿ ಕೂತು?"

"ಅವರ ದೇಶದಲ್ಲಿ ಕೂತು."

"ಸಮುದ್ರದಾಚೆ ಕೂತು ನನ್ನ ನಡುಮನೆ ಸ್ವಿಚ್ ಆರಿಸ್ತಾರಾ? ಅಷ್ಟುದ್ದ ಕೈ ಇದೆಯೇನೋ ಅವರಿಗೆ?"

"ಇಂಟರ್‌ನೆಟ್ ಇದೆಯಲ್ಲ ಭಾವ. ಕೊನೇಪಕ್ಷ ಇದನ್ನ ವೈಫೈಗೆ ಹಾಕ್ಬೇಡಿ."

"ಊರಿಗೆಲ್ಲ ಬೀಗ ಹಾಕಿಸಿದೋನು ನಾನು! ನನ್ನ ಮನೆಗೆ ಹೊರಗಿಂದ ಬೀಗ ಹಾಕೋ ಗಂಡು ಇನ್ನೂ ಹುಟ್ಟಿಲ್ಲ. ಮೊದಲು ನಿನ್ನ ಮೀಟರ್ ಬಿಚ್ಕೊಂಡು ಹೋಗು!"

"ಮೀಟರ್ ಇರಲಿ ಬಿಡಿ, ಒಂದು ತಿಂಗಳು ನೋಡೋಣ..."

"ಬಿಚ್ಚು ಅಂದ್ರೆ ಬಿಚ್ಚು!"

ಹೆಂಡತಿ ಕಣ್ಣು ಬಿಟ್ಟಳು, ಕೈ ಹಿಡಿದಳು, ಕೊನೆಗೆ ಹಣೆ ಚಚ್ಚಿಕೊಂಡಳು. ಬೀಗಣ್ಣ ಅರ್ಜಿ ಬರೆದು, ಸಹಿಯ ಕೆಳಗೆ ಎರಡು ಗೆರೆ ಎಳೆದು ಕೊಟ್ಟ. ವಾರದೊಳಗೆ ಬಾಮೈದನೇ ಬಂದು ಮೀಟರ್ ಬಿಚ್ಚಿಕೊಂಡು ಹೋದ. ಮೆಟ್ಟಿಲ ಮೇಲಿನ ಆ ಘೋಷಣೆ ನಡೆದದ್ದು ಅವತ್ತೇ.

ಅವತ್ತೇ ಹೆಂಡತಿ ಹೊಸದಾಗಿ ಅರವತ್ತು ಮೊಟ್ಟೆ ಇಟ್ಟಳು. ಡಬ್ಬಿ ಚೆನ್ನಾಗಿಯೇ ಓಡಿತು, ಸುಳ್ಳು ಹೇಳಬಾರದು. ಬೇಡ ಅಂದದ್ದನ್ನೇ ಮಾಡುವುದು ಬೀಗಣ್ಣನ ಜಾಯಮಾನವಾದ್ದರಿಂದ ಡಬ್ಬಿಗೆ ವೈಫೈಯೂ ಸಿಕ್ಕಿತು. ಅದರಿಂದ ಅವನ ಫೋನಿನಲ್ಲಿ ಒಂದು ಹಸಿರು ಗೆರೆ ಬೆಳಿಗ್ಗೆ ಏರಿ ಸಂಜೆ ಇಳಿಯುತ್ತಿತ್ತು. ಕೀ ಮಾಡಿಸಲು ಬಂದವರು ಮೊದಲು ಆ ಗೆರೆ ನೋಡಿ ಹೊಗಳಬೇಕು, ಆಮೇಲೆ ಕೀ!

ಇಪ್ಪತ್ತನೇ ದಿನ ಬೆಳಿಗ್ಗೆ ಹತ್ತೂಮುಕ್ಕಾಲು. ಕೀ ಕಳೆದುಕೊಂಡ ಒಬ್ಬ ಬಸ್ ಡ್ರೈವರಿಗೆ ಬೀಗಣ್ಣ ಹಸಿರು ಗೆರೆ ತೋರಿಸುತ್ತಿದ್ದ. "ನೋಡಿ, ಇದು ನಮ್ಮ ಸ್ವಂತ ಕರೆಂಟು. ಯಾರಪ್ಪನ ಮನೇದೂ ಅಲ್ಲ." ಡ್ರೈವರ್ ಕಣ್ಣು ಕಿರಿದು ಮಾಡಿ, "ಕೆಂಪಗಿದೆಯಲ್ಲ ಸ್ವಾಮಿ?" ಅಂದ.

ಫೋನಿನಲ್ಲಿ ಕೆಂಪು ಅಕ್ಷರ ಬಂದಿತ್ತು: "ಈ ಯಂತ್ರವನ್ನು ನಿಮ್ಮ ಪ್ರದೇಶದಲ್ಲಿ ಬಳಸಲು ಅನುಮತಿ ಇಲ್ಲ. ಯಂತ್ರವನ್ನು ನಿಲ್ಲಿಸಲಾಗಿದೆ."

ಅದೇ ಹೊತ್ತಿಗೆ ಹೆಂಡತಿಯ ಫೋನು.

"ರೀ, ಪೆಟ್ಟಿಗೆ ಆರಿಹೋಯ್ತು."

"ಫ್ಯೂಸ್ ಹೋಗಿರ್ಬೇಕು ಕಣೇ."

"ನಿಮ್ಮ ಡಬ್ಬೀಲಿ ಕೆಂಪು ದೀಪ ಉರೀತಿದೆ. ನಾಲ್ಕು ಮೊಟ್ಟೇಲಿ ಆಗಲೇ ಸಣ್ಣ ಬಿರುಕು ಬಿಟ್ಟಿದೆ, ಒಳಗಿಂದ ಕುಟ್ಟುತ್ತಿವೆ. ಮೂರು ಗಂಟೆ ತಡೀಬಹುದು. ಅದರ ಮೇಲೆ ನಾನು ಹೇಳೋಕಾಗಲ್ಲ."

ಅವಳ ದನಿ ಮೆಲ್ಲಗಿತ್ತು. ಸ್ಟೂಲಿನ ಮೇಲೆ ಕೂತಿದ್ದ ದಿನದ ದನಿ. ಬೀಗಣ್ಣ ಅಂಗಡಿಯನ್ನು ಡ್ರೈವರಿಗೇ ಒಪ್ಪಿಸಿ ಮನೆಗೆ ಓಡಿದ.

ಡಬ್ಬಿಯ ಗುಂಡಿಯನ್ನೆಲ್ಲ ಒತ್ತಿದ. ಬೆನ್ನು ತಟ್ಟಿದ, ಕಪಾಳಕ್ಕೂ ಹೊಡೆದ. ಮೇಲೆ ಮಹಡಿಯಲ್ಲಿ ಕಾಲಿಡಲಾಗದ ಬಿಸಿಲು, ಕೆಳಗೆ ಬ್ಯಾಟರಿ ತುಂಬಿ ಕೂತಿದೆ, ನಡುವೆ ಈ ಡಬ್ಬಿ ಬಿಡುತ್ತಿಲ್ಲ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದ ಹಾಗಾಯಿತು.

"ಬೀಗ ತಾನೆ ಹಾಕಿರೋದು? ತೆಗೆದು ತೋರಿಸ್ತೀನಿ," ಎಂದು ಸಾಮಾನಿನ ಚೀಲ ಬಿಚ್ಚಿದ. ಡಬ್ಬಿಯ ಮುಚ್ಚಳ ಒಂದೇ ನಿಮಿಷಕ್ಕೆ ಬಿಚ್ಚಿಕೊಂಡಿತು. "ನೋಡಿದ್ಯಾ!" ಎಂದು ಹೆಂಡತಿಯ ಕಡೆ ತಿರುಗಿದ. ಆಮೇಲೆ ಒಳಗೆ ನೋಡಿದ. ಹಸಿರು ಹಲಗೆ, ಸಣ್ಣ ಸಣ್ಣ ಕಪ್ಪು ಚೌಕ. ಕಡ್ಡಿ ತೂರಿಸಲು ಒಂದು ತೂತೂ ಇಲ್ಲ, ತಿರುಗಿಸಲು ಒಂದು ಲಿವರೂ ಇಲ್ಲ. ಮೂವತ್ತು ವರ್ಷದ ವಿದ್ಯೆ ಅಲ್ಲೇ ಬೆವರಿತು.

"ಮೇಷ್ಟ್ರ ಮನೆಯಿಂದ ಒಂದು ವೈರ್ ಎಳೆಯೋಣ," ಅಂದಳು ಹೆಂಡತಿ.

"ಅವರ ಮುಂದೆ ಕೈ ಚಾಚೋದಾ? ಅವತ್ತು ಅಷ್ಟು ಮಾತಾಡಿ? ಸಾಧ್ಯವೇ ಇಲ್ಲ! ಬ್ಯಾಟರಿ ವೈರನ್ನೇ ನೇರ ಪೆಟ್ಟಿಗೆಗೆ ಕೊಟ್ಟುಬಿಡ್ತೀನಿ, ತಾಳು."

"ಬೇಡ ರೀ!"

ಪಟಾರ್ ಎಂದಿತು. ನೀಲಿ ಕಿಡಿ ಹಾರಿತು. ಹೊಗೆ ಸರಿದ ಮೇಲೆ ನೋಡಿದರೆ ಬೀಗಣ್ಣನ ಎಡಗಣ್ಣಿನ ಹುಬ್ಬು ಅರ್ಧ ಇರಲಿಲ್ಲ. ಪುಣ್ಯಕ್ಕೆ ಕಾವುಪೆಟ್ಟಿಗೆಗೆ ಏನೂ ಆಗಿರಲಿಲ್ಲ.

ಹೆಂಡತಿ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ತೆರೆದು, ತುಂಬ ಸಮಾಧಾನವಾಗಿ, "ಹೋಗಿ, ಕೊಟ್ಟೋನನ್ನೇ ಹಿಡ್ಕೊಂಡು ಬನ್ನಿ," ಅಂದಳು. ಹೆಂಡತಿ ಸಮಾಧಾನವಾಗಿ ಮಾತಾಡಿದರೆ ಜಾಣ ಗಂಡ ಯೋಚನೆ ಮಾಡಬೇಕು. ಬೀಗಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಓಣಿಯಲ್ಲಿ ಕಂಟೇನರಿನ ಶಟರು ಮುಚ್ಚಿತ್ತು. ಅದರ ಮೇಲೆ ಹೊಳೆಯುತ್ತಿದ್ದದ್ದು ಏಳು ಲಿವರಿನ ಬೀಗ! ಪಕ್ಕದ ಪಂಕ್ಚರ್ ಅಂಗಡಿಯವನು, "ಬೆಳಿಗ್ಗೆಯಿಂದ ನೀವು ಹನ್ನೊಂದನೆಯವರು," ಅಂದ. "ಅವನು ಹತ್ತು ಗಂಟೆಗೇ ಜಾಗ ಖಾಲಿ ಮಾಡ್ದ. ಎಲ್ಲರೂ ಸೇರಿ ಆ ಬೀಗ ಒಡೆಯೋಕೆ ನೋಡಿದ್ರು. ಏನು ಬೀಗ ಸ್ವಾಮಿ ಅದು! ಸುತ್ತಿಗೇನೇ ಮುರೀತು." ಜೀವನದಲ್ಲಿ ಮೊದಲ ಸಲ ತನ್ನ ಮಾಲಿನ ಹೊಗಳಿಕೆ ಕೇಳಿ ಬೀಗಣ್ಣನ ಮೈ ಉರಿಯಿತು.

ಅಲ್ಲೇ ಕಟ್ಟೆಯ ಮೇಲೆ ಕೂತು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ. ಹದಿನಾಲ್ಕು ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಒಬ್ಬಳು ಬಹಳ ವಿನಯದಿಂದ ಡಬ್ಬಿಯ ನಂಬರ್ ಕೇಳಿ, "ಸರ್, ಆ ಯಂತ್ರ ಮೀನಿನ ಗೋದಾಮಿನಲ್ಲಿದೆ," ಅಂದಳು.

"ಯಾವ ಮೀನು? ನನ್ನ ನಡುಮನೆ ಗೋಡೆ ಮೇಲಿದೆಯಮ್ಮಾ!"

"ನಮ್ಮ ದಾಖಲೆ ಪ್ರಕಾರ ಬೇರೆ ದೇಶದ ಬಂದರಿನ ಮೀನಿನ ಗೋದಾಮಿನಲ್ಲಿರಬೇಕು ಸರ್. ನಿಮ್ಮ ಮನೆಗೆ ಹೇಗೆ ಬಂತು?"

"ಈಜಿಕೊಂಡು ಬಂತು! ಇಷ್ಟು ದಿನ ಸುಮ್ಮನಿದ್ದು ಇವತ್ತು ಯಾಕಮ್ಮ ನಿಲ್ಲಿಸಿದ್ರಿ?"

"ನೀವು ಇಂಟರ್‌ನೆಟ್‌ಗೆ ಜೋಡಿಸಿದ್ದರಿಂದ ಅದು ಎಲ್ಲಿದೆ ಅಂತ ನಮಗೆ ತಿಳೀತು ಸರ್. ಅಂಥವನ್ನೆಲ್ಲ ಇವತ್ತು ಬೆಳಿಗ್ಗೆಯಿಂದ ಒಂದೊಂದಾಗಿ ನಿಲ್ಲಿಸ್ತಾ ಇದ್ದೀವಿ."

"ತಾಯಿ, ಒಂದೇ ದಿನ ಬಿಡಿ. ಅರವತ್ತು ಮೊಟ್ಟೆ ಇದೆ, ಇಪ್ಪತ್ತನೇ ದಿನ. ನನ್ನ ಹೆಂಡತೀಗೆ ಮಾತು ಕೊಟ್ಟಿದ್ದೀನಿ."

ಆ ಕಡೆ ಕಾಗದ ಮಗುಚಿ ಹುಡುಕಿದ ಸದ್ದಾಯಿತು. ಹುಡುಗಿಗೂ ಪಾಪ ಅನ್ನಿಸಿರಬೇಕು. ಆದರೆ ಮುಂದೆ ಇದ್ದ ಕಾಗದದಲ್ಲಿ ಪಾಪಕ್ಕೆ ಜಾಗವಿರಲಿಲ್ಲ. "ಕ್ಷಮಿಸಿ ಸರ್. ನಮ್ಮ ಡೀಲರ್ ಹತ್ತಿರ ಕೊಳ್ಳದ ಯಂತ್ರಕ್ಕೆ ನಾವೇನೂ ಮಾಡಿಕೊಡೋಕಾಗಲ್ಲ."

ಬೀಗಣ್ಣ ಫೋನನ್ನು ಕಿವಿಯಿಂದ ಕೆಳಗಿಳಿಸಿದ. ದಿನಕ್ಕೆ ನಾಲ್ಕು ಜನಕ್ಕಾದರೂ ಅವನು ಬೋರ್ಡು ತೋರಿಸಿ ಹೇಳುವ ಮಾತೇ ಅದು. ಕೇಳುವ ಕಡೆ ನಿಂತರೆ ಹೀಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. "ನಮ್ಮ ಸೇವೆಗೆ ಒಂದರಿಂದ ಐದರೊಳಗೆ ಅಂಕ ಕೊಡಿ ಸರ್," ಎಂದು ಫೋನು ಇನ್ನೂ ಕೇಳುತ್ತಿತ್ತು.

ಮನೆಗೆ ಬಂದಾಗ ಗಂಟೆ ಹನ್ನೆರಡೂವರೆ. ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು, ಬಾಗಿಲ ಸಂದಿಗೆಲ್ಲ ಹಳೆ ಬಟ್ಟೆ ತುರುಕಿತ್ತು.

"ತೆಗೀಬೇಡಿ! ಒಳಗಿರೋ ಶಾಖವೂ ಹೋಗುತ್ತೆ," ಎಂದು ಹೆಂಡತಿ ಅಡ್ಡ ನಿಂತಳು.

"ನನಗೊಂದು ಐಡಿಯಾ ಬಂತು ಕಣೇ. ಬೀರುವಿನ ಕನ್ನಡಿ ಕಿತ್ತು ಮಹಡಿಗೆ ತಗೊಂಡು ಹೋಗಿ, ಬಿಸಿಲನ್ನ ಕಿಟಕಿಯಿಂದ ಒಳಗೆ ಹೊಡೆದ್ರೆ..."

"ಆಮ್ಲೆಟ್ ಆಗುತ್ತೆ."

"ಮತ್ತೆ ಏನು ಮಾಡ್ಲೇ ನಾನು?"

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನೋಟ ನಡುವೆ ಹೊಟ್ಟೆಯ ಮೇಲೆ ನಿಂತಿತು. "ಮಲಗಿ," ಅಂದಳು.

"ಈಗ?"

"ಕಾವು ಕೂರೋಕೆ! ಇಷ್ಟು ವರ್ಷ ಬೆಳೆಸಿದ ಹೊಟ್ಟೆ, ಇವತ್ತಾದ್ರೂ ಉಪಯೋಗಕ್ಕೆ ಬರಲಿ."

ಅಡುಗೆಮನೆಯ ಕಡೆಯಿಂದ ಟವೆಲಿನಲ್ಲಿ ಸುತ್ತಿ ಒಂದು ಡಜನ್ ಮೊಟ್ಟೆ ತಂದಳು. ಮಂಚದ ಮೇಲೆ ಅಂಗಾತ ಮಲಗಿದ ಗಂಡನ ಅಂಗಿಯೊಳಗೆ ಒಂದೊಂದಾಗಿ ಜೋಡಿಸಿದಳು. ಮೇಲೆ ಕಂಬಳಿ ಹೊದಿಸಿದಳು. ಎರಡು ಕೈಗೂ ಒಂದೊಂದು ಕೊಟ್ಟಳು. ಮೊಟ್ಟೆಗಳು ಹಿತವಾಗಿ ಬೆಚ್ಚಗಿದ್ದವು.

"ಇನ್ನೂ ಬಿಸಿ ಇದೆ ಕಣೇ! ಜೀವ ಇದೆ!"

"ಅಲ್ಲಾಡಬೇಡಿ. ಜೋರಾಗಿ ಉಸಿರಾಡಬೇಡಿ. ಮಾತಂತೂ ಬೇಡವೇ ಬೇಡ. ಮೊದಲು ನನ್ನ ತಮ್ಮನಿಗೆ ಫೋನ್ ಮಾಡಿ."

"ನೀನೇ ಮಾಡಬಾರದಾ?"

"ಬಿಚ್ಚು ಅಂದಿದ್ದು ಯಾರು?"

ಅವಳೇ ನಂಬರ್ ಒತ್ತಿ ಫೋನನ್ನು ಅವನ ಕಿವಿಗಿಟ್ಟಳು. ಬೀಗಣ್ಣ ಸೂರು ನೋಡುತ್ತ ಉಗುಳು ನುಂಗಿದ. "ಮಾರಾಯಾ... ನೀನು ಹೇಳಿದ ಹಾಗೇ ಆಯ್ತು. ಅವರು ಆರಿಸಿಬಿಟ್ರು. ತಪ್ಪು ನಂದೇ. ಮೀಟರ್ ವಾಪಸ್ ಹಾಕಪ್ಪ, ನಿನ್ನ ದಮ್ಮಯ್ಯ." ಇಷ್ಟು ಹೇಳುವಷ್ಟರಲ್ಲಿ ಅವನ ಹಣೆಯೂ ಬೆವರಿತು.

ಬಾಮೈದ ನಗಲಿಲ್ಲ. ಅದೇ ಇನ್ನೂ ಹೆಚ್ಚು ಚುಚ್ಚಿತು. "ಹೊಸದಾಗಿ ಅರ್ಜಿ ಹಾಕ್ಬೇಕು ಭಾವ, ನಾಲ್ಕು ದಿನ ಹಿಡಿಯುತ್ತೆ. ಡ್ಯೂಟಿ ಮುಗಿಸಿ ಫಾರಂ ತಗೊಂಡು ಬರ್ತೀನಿ."

ನಾಲ್ಕು ದಿನ! ಬೀಗಣ್ಣ ಕಣ್ಣು ಮುಚ್ಚಿದ. ಇನ್ನು ಈ ಹನ್ನೆರಡಾದರೂ ಉಳಿಯಬೇಕು. ಸೊಂಟ ನೋಯಿತು, ಅವನು ಅಲ್ಲಾಡಲಿಲ್ಲ. ಮೂಗು ತುರಿಸಿತು, ಅದನ್ನೂ ಸಹಿಸಿದ. ಸೊಳ್ಳೆಯೊಂದು ಬಂದು ಸುಟ್ಟ ಹುಬ್ಬಿನ ಮೇಲೆ ಕೂತು ಹೊಟ್ಟೆ ತುಂಬ ಕುಡಿದು ಹೋಯಿತು. ಒಂದು ಗಂಟೆ ಕಳೆದ ಮೇಲೆ ಹೊಟ್ಟೆಯ ಹತ್ತಿರ ಏನೋ ಮಿಸುಕಿದಂತಾಯಿತು. ಹಸಿದ ಹೊಟ್ಟೆಯೇ ಗುರುಗುಟ್ಟಿತೋ, ಮೊಟ್ಟೆಯೇ ಮಾತಾಡಿತೋ, ಅವನಿಗೆ ತಿಳಿಯಲಿಲ್ಲ. "ಬರ್ರೋ ಕಂದಾ, ಹೆದರಬೇಡಿ, ನಾನಿದ್ದೀನಿ," ಎಂದು ಕಂಬಳಿಯೊಳಗೆ ಪಿಸುಗುಟ್ಟಿದ. ಅವನಿಗೆ ಬೇಕಾಗಿದ್ದದ್ದು ಇಷ್ಟೇ, ಅವಳು ಮತ್ತೆ ಆ ಸ್ಟೂಲಿನ ಮೇಲೆ ಹಾಗೆ ಕೂರಬಾರದು.

ಮೂರೂವರೆಗೆ ಬಾಮೈದ ಫಾರಂ ಹಿಡಿದು ಬಂದ. ಮಂಚದ ಮೇಲಿನ ದೃಶ್ಯ ನೋಡಿ ಬಾಗಿಲಲ್ಲೇ ನಿಂತ.

"ಭಾವ, ಮೈ ಹುಷಾರಿಲ್ವಾ?"

"ಕಾವು ಕೂತಿದ್ದೀನೋ!"

"ಒಂದು ಸಹಿ..."

"ಕೈ ಬಿಡೋ ಹಾಗಿಲ್ಲ. ಮಿಸುಕಾಡ್ತಿವೆ!"

ಬಾಮೈದ ಫಾರಂ ಮಡಚಿ ಜೇಬಿಗಿಟ್ಟ. ಪೆಟ್ಟಿಗೆಯ ಗತಿ ನೋಡೋಣ ಎಂದು ಹಿಂದಿನ ಕೋಣೆಯ ಕಡೆ ಹೋದ. "ಬಾಗಿಲು ತೆಗೀಬೇಡ! ಶಾಖ ಹೋಗುತ್ತೆ!" ಎಂದು ಬೀಗಣ್ಣ ಮಲಗಿದಲ್ಲಿಂದಲೇ ಅರಚಿದ. ಅಷ್ಟರಲ್ಲಿ ಬಾಗಿಲು ತೆರೆದಾಗಿತ್ತು. ಒಳಗಿನಿಂದ ಚಿಂವ್ ಚಿಂವ್ ಎಂಬ ಸದ್ದು ಮನೆ ತುಂಬಿಕೊಂಡಿತು.

"ಅಕ್ಕಾ! ಆಗಲೇ ಇಪ್ಪತ್ತು ಮರಿ ಹೊರಗೆ ಬಂದಿದೆ! ಪೆಟ್ಟಿಗೆ ಓಡ್ತಾನೇ ಇದೆಯಲ್ಲ? ಓಹೋ, ಮೇಷ್ಟ್ರ ಮನೆಯಿಂದ ವೈರ್ ಬಂದಿದೆ!"

ಬೀಗಣ್ಣನಿಗೆ ಮೊದಲು ಕೇಳಿಸಿದ್ದು ಮರಿಗಳ ಸದ್ದು ಮಾತ್ರ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಆಮೇಲೆ ನಿಧಾನವಾಗಿ ಉಳಿದ ಮಾತು ತಲೆಗಿಳಿಯಿತು.

"ಯಾವಾಗಿಂದ?" ಅಂದ.

"ನೀವು ಕಂಟೇನರನ್ನ ಹುಡುಕೋಕೆ ಹೋದ ಐದನೇ ನಿಮಿಷದಿಂದ," ಅಂದಳು ಹೆಂಡತಿ. "ಮೇಷ್ಟ್ರು ಅವತ್ತಿಂದ ಆ ವೈರ್ ಸುತ್ತಿ ಬಾಗಿಲ ಹಿಂದೆ ಇಟ್ಕೊಂಡೇ ಇದ್ರಂತೆ."

"ಹಾಗಾದ್ರೆ ಇವನ್ನೂ ಪೆಟ್ಟಿಗೇಲೇ ಇಡಬಹುದಿತ್ತಲ್ಲೇ! ಮೂರು ಗಂಟೆ ಹೊತ್ತು ಮರದ ಕೊರಡಿನ ಹಾಗೆ ಬಿದ್ದಿದ್ದೀನಿ! ಸೊಂಟ ಹೋಯ್ತು!"

"ಎದ್ದಿದ್ರೆ ಇನ್ನೊಂದು ಹುಬ್ಬೂ ಹೋಗ್ತಿತ್ತು."

"ಇಲ್ಲಿ ಕೇಳು, ಇವುಗಳಲ್ಲೂ ಒಂದು ಈಗಲೋ ಆಗಲೋ ಒಡೆಯೋ ಹಾಗಿದೆ. ನನ್ನ ಹೊಟ್ಟೆ ಮೇಲೇ ಕುಟ್ಟಿದ್ದನ್ನ ನಾನೇ..."

ಹೆಂಡತಿ ಹತ್ತಿರ ಬಂದು ಅವನ ಅಂಗಿಯೊಳಗೆ ಕೈಹಾಕಿ ಒಂದು ಮೊಟ್ಟೆ ತೆಗೆದಳು. ಮಂಚದ ಅಂಚಿಗೆ ಟಕ್ಕೆಂದು ಕುಟ್ಟಿದಳು. "ಅಯ್ಯೋ!" ಎಂದು ಬೀಗಣ್ಣ ಕಿರುಚುವಷ್ಟರಲ್ಲಿ ಸಿಪ್ಪೆ ಸುಲಿದು, ಎರಡು ಹೋಳು ಮಾಡಿ, ಒಂದನ್ನು ತಮ್ಮನ ಕೈಗಿಟ್ಟಳು.

"ತಿನ್ನು, ಮಧ್ಯಾಹ್ನದಿಂದ ಏನೂ ತಿಂದಿಲ್ಲ ಅನ್ಸುತ್ತೆ."

ಬೀಗಣ್ಣನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. "ಬೇ... ಬೇಯಿಸಿದ್ದಾ?"

"ಮತ್ತೆ? ಹಸಿ ಮೊಟ್ಟೆ ಕೊಟ್ಟಿದ್ರೆ ಆ ಹಾಸಿಗೆ ಒಗೆಯೋರು ಯಾರು?"